ಶಾಲೆ ತೆರೆಯುವ ಕಾಲದಲ್ಲಿ ಮನೆಯ ಅಡಿಗೆ

ಬೇಸಿಗೆಯ ರಜವು ಮುಗಿಯುತ್ತ ಬಂದಂತೆ ಗೃಹಸ್ಥನ ಚಿಂತೆಗಳು ಹಲವಾಗುವುವು. ಮಕ್ಕಳಿಗೆ ಪುಸ್ತಕಗಳಾಗಬೇಕು, ಸಮವಸ್ತ್ರವಾಗಬೇಕು, ಕಾಲಿಗೆ ಬೂಟುಗಳಾಗಬೇಕು, ಬಸ್ಸಿನ ಪಾಸು ಆಗಬೇಕು, ಶುಲ್ಕವನ್ನು ಕಟ್ಟಬೇಕು. ಇವೆಲ್ಲವೂ ಪಟ್ಟಿಯಲ್ಲಿ ಸೇರುವುವು. ಪಟ್ಟಿಯಲ್ಲಿ ಸೇರದೆ ಉಳಿಯುವುದು ಒಂದುಂಟು. ಅದು ಮಗುವಿನ ಬೆಳಗಿನ ಆಹಾರ. “ಅದೇನು ಹೊಸ ವಿಷಯವೆ? ಮನೆಯಲ್ಲಿ ದಿನವೂ ಅಡಿಗೆಯಾಗುವುದಿಲ್ಲವೆ?” ಎಂದು ವಾಚಕರು ಕೇಳಬಹುದು. ಅಡಿಗೆಯೇನೋ ಆಗುವುದು. ಆದರೆ ಮಗು ಮನೆಯಿಂದ ಹೊರಡುವ ಹೊತ್ತಿಗೆ ಆಗುವುದೆ, ಆದದ್ದು ಮಗುವಿನ ಹೊಟ್ಟೆಯನ್ನು ಸೇರುವುದೆ ಎಂಬುದೇ ಇಲ್ಲಿ ನಮ್ಮ ಪ್ರಶ್ನೆ.

ನಾವು ಮೂವತ್ತು ವರ್ಷಗಳಿಗೂ ಮಿಗಿಲಾಗಿ ಈ ಸೀಮೆಯ ಮಕ್ಕಳಿಗೆ ಪಾಠ ಹೇಳಿದವರು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ಈ ನಾಲ್ಕು ತಾಲ್ಲೂಕುಗಳು ೨೦೦೭ರಲ್ಲಿ ಒಟ್ಟುಗೂಡಿ ರಾಮನಗರ ಜಿಲ್ಲೆಯಾದುವು. ೨೦೨೫ರಲ್ಲಿ ಸರಕಾರವು ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆಯೆಂದು ಹೆಸರನ್ನು ಬದಲಿಸಿತು. ಹೆಸರು ಏನೇ ಆಗಲಿ, ಬಂಡೆಗಳ ನಡುವೆ ರಾಗಿಯ ಹೊಲ, ಹಿಪ್ಪುನೇರಳೆಯ ತೋಟ, ಮಾವಿನ ತೋಪು, ತೆಂಗಿನ ಸಾಲು, ಇವುಗಳಿಂದಲೇ ಬಾಳುವ ಸೀಮೆಯಿದು. ಜೂನ್ ತಿಂಗಳ ಮೊದಲ ವಾರಗಳಲ್ಲಿ ಇಲ್ಲಿನ ಉಪಾಧ್ಯಾಯರೆಲ್ಲರೂ ಕಾಣುವ ಒಂದು ನೋಟವುಂಟು. ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ನಿಂತ ಮಗುವೊಂದು ಮುಖ ಬಾಡಿ, ಕಣ್ಣು ಕತ್ತಲೆಯಿಟ್ಟು, ನಿಂತಲ್ಲಿಯೇ ಕುಳಿತುಬಿಡುವುದು. ನೀರು ಕುಡಿಸಿ, “ಬೆಳಿಗ್ಗೆ ಏನು ತಿಂದು ಬಂದೆಯಪ್ಪ?” ಎಂದು ಕೇಳಿದರೆ, “ಕಾಫಿ ಕುಡಿದು ಬಂದೆ ಸಾರ್” ಎನ್ನುವುದು. ಮತ್ತೊಂದು ಮಗು ಹತ್ತೂವರೆಯ ಪಾಠಕ್ಕೆ ತೂಕಡಿಸುವುದು. ಅದೇ ಮಗು ಮಧ್ಯಾಹ್ನದ ಊಟವಾದ ಮೇಲೆ ಚುರುಕಾಗಿ ಲೆಕ್ಕ ಬಿಡಿಸುವುದು. ಬೆಳಿಗ್ಗೆ ಇಲ್ಲದ ಬುದ್ಧಿ ಮಧ್ಯಾಹ್ನ ಎಲ್ಲಿಂದ ಬಂದಿತು? ಬುದ್ಧಿಯು ಬೆಳಿಗ್ಗೆಯೂ ಇದ್ದಿತು, ಅನ್ನವಿರಲಿಲ್ಲ.

ಇದು ಬಡವರ ಮನೆಗಳ ಮಾತು ಮಾತ್ರವೆಂದು ಯಾರೂ ತಿಳಿಯಬಾರದು. ಕಣಜದಲ್ಲಿ ರಾಗಿ ತುಂಬಿದ್ದು, ಕೊಟ್ಟಿಗೆಯಲ್ಲಿ ಎರಡು ಹಸು ಕರೆಯುವ ಮನೆಯ ಮಗುವೂ ಹೀಗೆಯೇ ಬರುವುದನ್ನು ನಾವು ಕಂಡಿದ್ದೇವೆ. ಪದಾರ್ಥದ ಕೊರತೆಗಿಂತ ಏರ್ಪಾಡಿನ ಕೊರತೆಯೇ ಇಲ್ಲಿ ಹೆಚ್ಚು. ಅದನ್ನು ಹೇಗೆ ಸರಿಪಡಿಸಬಹುದೆಂಬುದನ್ನು ಗೃಹಸ್ಥರ ಮುಂದೆಯೂ ಗೃಹಿಣಿಯರ ಮುಂದೆಯೂ ಇಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಬೆಳಗಿನ ಹೊತ್ತು ಏಕೆ ಕಷ್ಟ?

ನಮ್ಮ ಸೀಮೆಯಲ್ಲಿ ಬೆಳಗಿನ ಹೊತ್ತಿನ ಮೇಲೆ ಮೂರು ಕೆಲಸಗಳು ಒಮ್ಮೆಗೇ ಬೀಳುವುವು. ಮೊದಲನೆಯದು ಹಾಲು. ಊರಿನ ಸಹಕಾರ ಸಂಘದಲ್ಲಿ ಹಾಲು ಅಳೆಯುವ ವೇಳೆಗೆ ಸರಿಯಾಗಿ ಕರೆದು ಕೊಂಡೊಯ್ಯಬೇಕು; ತಡವಾದರೆ ಅಂದಿನ ಹಾಲಿಗೆ ಅಂದಿನ ಹಣವಿಲ್ಲ. ಎರಡನೆಯದು ರೇಷ್ಮೆ. ರಾಮನಗರದ ಗೂಡಿನ ಮಾರುಕಟ್ಟೆಯು ಏಷ್ಯಾ ಖಂಡದಲ್ಲಿಯೇ ದೊಡ್ಡದೆಂದು ಹೆಸರಾದುದು. ಆ ಗೂಡುಗಳ ಹಿಂದೆ ಹಳ್ಳಿಯ ಮನೆಗಳಲ್ಲಿ ಹೊತ್ತುಹೊತ್ತಿಗೆ ಸೊಪ್ಪು ತಂದು ಹುಳುವಿಗೆ ಹಾಕುವ ಕೈಗಳಿರುವುವು. ಮೂರನೆಯದು ಕಾರ್ಖಾನೆ. ಬಿಡದಿಯ ಕಾರ್ಖಾನೆಗಳಿಗೂ ಸಿದ್ಧ ಉಡುಪಿನ ಕಾರ್ಖಾನೆಗಳಿಗೂ ಕೆಲಸಕ್ಕೆ ಹೋಗುವ ತಾಯಂದಿರು, ತಂದೆಯರು ಮಕ್ಕಳಿಗಿಂತ ಮೊದಲೇ ಬಸ್ಸು ಹತ್ತುವರು. ಹೀಗೆ ಹಸು, ಹುಳು, ಬಸ್ಸು ಎಂಬ ಈ ಮೂರೂ ಕಾದು ನಿಲ್ಲತಕ್ಕವಲ್ಲ. ಕಾದು ನಿಲ್ಲುವುದು ಮಗುವೊಂದೇ. ಆದಕಾರಣ ಅದರ ಸರದಿಯು ಕಡೆಯದಾಗುವುದು.

ಇದರ ಮೇಲೆ ಋತುವಿನ ಬದಲಾವಣೆಯೊಂದುಂಟು. ಶಾಲೆಗಳು ಮೇ ತಿಂಗಳ ಕಡೆಯ ದಿನಗಳಲ್ಲಿ, ರೋಹಿಣಿ ಮಳೆಯ ಹೊತ್ತಿಗೆ ತೆರೆಯುವುವು. ಮೃಗಶಿರಾ, ಆರ್ದ್ರಾ ಮಳೆಗಳು ಹಿಂದೆಯೇ ಬರುವುವು. ಮಳೆಗಾಲದಲ್ಲಿ ಜಠರಾಗ್ನಿಯು ಮಂದವಾಗುವುದೆಂದೂ, ಹಳೆಯ ಧಾನ್ಯವನ್ನು, ಬಿಸಿಯಾಗಿಯೂ ಲಘುವಾಗಿಯೂ ಇರುವ ಅನ್ನವನ್ನು, ಕಾಯಿಸಿದ ನೀರನ್ನು ಸೇವಿಸಬೇಕೆಂದೂ ವಾಗ್ಭಟನು ಅಷ್ಟಾಂಗಹೃದಯದ ಋತುಚರ್ಯೆಯ ಅಧ್ಯಾಯದಲ್ಲಿ ವಿಧಿಸಿರುವನು. ಹೊಸ ನೀರು ಬಂದ ಊರಿನಲ್ಲಿ ಭೇದಿ, ಜ್ವರಗಳು ಹರಡುವುದನ್ನು ಕಂಡವರಿಗೆ ಈ ಮಾತಿನಲ್ಲಿ ಕಾಯಿಸಿದ ನೀರಿನ ಭಾಗವಾದರೂ ಇಂದಿನ ವೈದ್ಯರ ಮಾತೇ ಆಗಿರುವುದು ತಿಳಿಯುವುದು. ಮಕ್ಕಳ ಸೀಸೆಗೆ ತುಂಬುವ ನೀರು ಕುದಿದು ಆರಿದ ನೀರಾಗಿರಲಿ. ಇದೊಂದು ನಿಯಮವನ್ನು ಮಳೆಗಾಲ ಮುಗಿಯುವವರೆಗೂ ಬಿಡಬಾರದು.

ಶಾಲೆಯ ಪಾಲು, ಮನೆಯ ಪಾಲು

“ಈಗ ಶಾಲೆಯಲ್ಲಿಯೇ ಊಟ ಹಾಕುವರಷ್ಟೆ, ಮನೆಯ ಚಿಂತೆ ಏಕೆ?” ಎಂದು ಕೆಲವರು ಹೇಳುವುದುಂಟು. ಈ ಮಾತನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಮಕ್ಕಳಿಗೆ ಶಾಲೆಯಲ್ಲಿ ಬೇಯಿಸಿದ ಅನ್ನವನ್ನು ಕೊಡಬೇಕೆಂದು ೨೦೦೧ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿತು. ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹವು ೨೦೦೨ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಮೊದಲಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂದಿತು. ೨೦೧೩ರ ಆಗಸ್ಟ್ ತಿಂಗಳಿನಲ್ಲಿ ಕ್ಷೀರಭಾಗ್ಯವು ಆರಂಭವಾಗಿ ಮಕ್ಕಳಿಗೆ ೧೫೦ ಮಿಲಿಲೀಟರು ಹಾಲು ದೊರೆಯಿತು. ೨೦೨೪ರಲ್ಲಿ ರಾಗಿಯ ಪೇಯವೂ ಸೇರಿತು. ಮೊಟ್ಟೆ ಕೊಡುವ ದಿನಗಳು ಹೆಚ್ಚಿದುವು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ದಾಸೋಹವೆಂಬ ಮಾತೇ ನಮ್ಮ ಸೀಮೆಗೆ ಹತ್ತಿರದ್ದು. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಬಡಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಒಟ್ಟಿಗೆ ಬಡಿಸಿದ ಶಿವಕುಮಾರ ಸ್ವಾಮಿಗಳು ೧೯೦೭ರಲ್ಲಿ ಹುಟ್ಟಿದ್ದು ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ. ಹಸಿದ ಮಗುವಿಗೆ ಪಾಠ ಹತ್ತದೆಂಬುದನ್ನು ಅವರು ಮಾತಿನಿಂದಲ್ಲ, ಪಂಕ್ತಿಯಿಂದ ತೋರಿಸಿದರು.

ಇನ್ನು ಲೆಕ್ಕ. ಪ್ರಾಥಮಿಕ ತರಗತಿಯ ಮಗುವಿಗೆ ಶಾಲೆಯ ಮಧ್ಯಾಹ್ನದ ಊಟದಲ್ಲಿ ವಿಧಿಸಿರುವುದು ಧಾನ್ಯ ೧೦೦ ಗ್ರಾಂ, ಬೇಳೆ ೨೦ ಗ್ರಾಂ, ತರಕಾರಿ ೫೦ ಗ್ರಾಂ. ಇದರಿಂದ ದೊರೆಯತಕ್ಕ ಶಕ್ತಿಯು ೪೫೦ ಕ್ಯಾಲೊರಿ. ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ ಬೇಕಾದುದು ಸುಮಾರು ೧೭೦೦ ಕ್ಯಾಲೊರಿಯೆಂದು ರಾಷ್ಟ್ರೀಯ ಪೋಷಣ ಸಂಸ್ಥೆಯವರ ೨೦೨೦ರ ಲೆಕ್ಕ. ಎಂದರೆ ಶಾಲೆಯ ಊಟವು ಕಾಲುಭಾಗಕ್ಕೆ ಸ್ವಲ್ಪ ಹೆಚ್ಚು. ಹಾಲು, ಮೊಟ್ಟೆಗಳನ್ನು ಕೂಡಿಸಿದರೂ ಅರ್ಧವನ್ನು ಮುಟ್ಟದು. ಉಳಿದುದೆಲ್ಲವೂ ಮನೆಯ ಪಾಲು. ಶಾಲೆಯು ಮಗುವನ್ನು ಸಾಕುವುದಿಲ್ಲ. ಸಾಕುವ ಮನೆಗೆ ಸಹಾಯ ಮಾಡುವುದು. ಈ ಭೇದವನ್ನು ಮರೆತ ಮನೆಯಲ್ಲಿ ಮಗುವು ಬೆಳಿಗ್ಗೆ ಕಾಫಿ, ಮಧ್ಯಾಹ್ನ ಶಾಲೆ, ರಾತ್ರಿ ನಿದ್ದೆಗಣ್ಣಿನ ಎರಡು ತುತ್ತು, ಇಷ್ಟರಲ್ಲಿಯೇ ಬೆಳೆಯಬೇಕಾಗುವುದು.

ಮತ್ತೊಂದು ಅಂಶವನ್ನೂ ಗಮನಿಸಬೇಕು. ಶಾಲೆಯ ಊಟವು ಮುಖ್ಯವಾಗಿ ಅಕ್ಕಿಯ ಊಟ. ಅಕ್ಕಿಯಲ್ಲಿ ಮೂಳೆಗೆ ಬೇಕಾದ ಸುಣ್ಣದ ಅಂಶವು ನೂರು ಗ್ರಾಮಿಗೆ ಹತ್ತು ಮಿಲಿಗ್ರಾಮಿನ ಆಸುಪಾಸು. ರಾಗಿಯಲ್ಲಿ ಅದು ಸುಮಾರು ೩೫೦ ಮಿಲಿಗ್ರಾಂ. ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ ಬೇಕಾದುದು ೬೫೦. ನೂರು ಗ್ರಾಂ ಹಿಟ್ಟಿನ ಒಂದು ಮುದ್ದೆಯು ಅರ್ಧಕ್ಕಿಂತ ಹೆಚ್ಚನ್ನು ತುಂಬುವುದು. ಆದುದರಿಂದ ಶಾಲೆಯಲ್ಲಿ ಅಕ್ಕಿ ತಿನ್ನುವ ಮಗುವಿಗೆ ಮನೆಯಲ್ಲಿಯೂ ಎರಡು ಹೊತ್ತು ಅಕ್ಕಿಯನ್ನೇ ಬಡಿಸುವುದು ಜಾಣತನವಲ್ಲ. ಶಾಲೆಯು ಕೊಡದುದನ್ನು ಮನೆಯು ಕೊಡಲಿ: ರಾಗಿ, ಸೊಪ್ಪು, ಕಾಳು, ಮಜ್ಜಿಗೆ.

ಮೇ ತಿಂಗಳಲ್ಲಿಯೇ ಮಾಡಿಡತಕ್ಕವು

ಬೆಳಗಿನ ಗಡಿಬಿಡಿಗೆ ಪರಿಹಾರವು ಬೆಳಗಿನಲ್ಲಿಲ್ಲ. ಅದು ಹಿಂದಿನ ತಿಂಗಳಿನಲ್ಲಿಯೂ ಹಿಂದಿನ ರಾತ್ರಿಯಲ್ಲಿಯೂ ಇರುವುದು. ಮೇ ತಿಂಗಳ ಬಿಸಿಲು ಇನ್ನೂ ಇರುವಾಗ, ಮಕ್ಕಳೂ ಮನೆಯಲ್ಲಿರುವಾಗ, ನಾಲ್ಕು ಪದಾರ್ಥಗಳನ್ನು ಮಾಡಿ ಡಬ್ಬಿಗೆ ತುಂಬಿಟ್ಟುಕೊಂಡರೆ ಜೂನ್, ಜುಲೈ ಎರಡು ತಿಂಗಳು ಗೆಲ್ಲಬಹುದು.

ಮೊದಲನೆಯದು ಮೊಳಕೆ ರಾಗಿಯ ಹಿಟ್ಟು. ಎರಡು ಸೇರು ರಾಗಿಯನ್ನು ಕಲ್ಲು ಹೋಗುವಂತೆ ಗಾಳಿಸಿ ತೊಳೆದು, ಒಂದು ರಾತ್ರಿ ನೆನೆಯಿಡಬೇಕು. ಬೆಳಿಗ್ಗೆ ನೀರನ್ನು ಬಸಿದು ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಆಗಾಗ ನೀರು ಚಿಮುಕಿಸುತ್ತಿದ್ದರೆ ಒಂದೆರಡು ದಿನಗಳಲ್ಲಿ ಬಿಳಿಯ ಮೊಳಕೆಯೊಡೆಯುವುದು. ಅದನ್ನು ಗರಿಗರಿಯಾಗಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಮೊಳಕೆಯನ್ನು ಕೇರಿ, ಘಮ್ಮೆನ್ನುವವರೆಗೆ ಸಣ್ಣ ಉರಿಯಲ್ಲಿ ಹುರಿದು ಗಿರಣಿಗೆ ಕೊಡಬೇಕು. ಮೊಳಕೆ ಬಂದ ರಾಗಿಯಲ್ಲಿ ಕಬ್ಬಿಣವೂ ಸುಣ್ಣವೂ ಮೈಗೆ ಹತ್ತದಂತೆ ತಡೆಯುವ ಅಂಶಗಳು ಕಡಿಮೆಯಾಗುವುವು. ಗಂಜಿಯೂ ತೆಳ್ಳಗಾಗಿ ಸುಲಭವಾಗಿ ಜೀರ್ಣವಾಗುವುದು. ಬೆಳಿಗ್ಗೆ ಎರಡು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ನೀರಿಗೆ ಹುಯ್ದು, ಐದು ನಿಮಿಷ ಕೈಯಾಡಿಸಿದರೆ ಒಂದು ಲೋಟ ಗಂಜಿ ಸಿದ್ಧ. ಹಾಲು ಬೆಲ್ಲ ಸೇರಿಸಿದರೆ ಒಂದು ರುಚಿ. ಮಜ್ಜಿಗೆ, ಉಪ್ಪು, ಕರಿಬೇವು ಸೇರಿಸಿದರೆ ಇನ್ನೊಂದು.

ಎರಡನೆಯದು ಹುರಿಹಿಟ್ಟು. ರಾಗಿಗೆ ಸ್ವಲ್ಪ ನೀರನ್ನೋ ಮಜ್ಜಿಗೆಯನ್ನೋ ಚಿಮುಕಿಸಿ, ಮುಚ್ಚಿಟ್ಟು, ಮಾರನೆಯ ದಿನ ನೆರಳಿನಲ್ಲಿ ಅರೆಯಾಗಿ ಆರಿಸಿ, ಕಾದ ಬಾಣಲೆಯಲ್ಲಿ ಹಿಡಿಹಿಡಿಯಾಗಿ ಹಾಕಿದರೆ ಅದು ಮಲ್ಲಿಗೆಯ ಮೊಗ್ಗಿನಂತೆ ಅರಳುವುದು. ಅರಳಿದುದನ್ನು ಬೀಸಿಟ್ಟುಕೊಂಡರೆ ಒಲೆಯ ಹಂಗೇ ಇಲ್ಲ. ಬೆಲ್ಲ, ಕಾಯಿತುರಿ, ಚಿಟಿಕೆ ಏಲಕ್ಕಿ, ಅರ್ಧ ಲೋಟ ಹಾಲು ಬೆರೆಸಿ ಕಲಸಿದರೆ ಹತ್ತು ವರ್ಷದ ಹುಡುಗನು ತಾನೇ ಮಾಡಿಕೊಂಡು ತಿನ್ನಬಹುದು, ತಂಗಿಗೂ ಮಾಡಿಕೊಡಬಹುದು.

ಮೂರನೆಯದು ಹುಚ್ಚೆಳ್ಳಿನ ಚಟ್ನಿಪುಡಿ. ಹುಚ್ಚೆಳ್ಳು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಒಣಕೊಬ್ಬರಿ, ಹುಣಸೆ, ಉಪ್ಪು, ಇವನ್ನು ಹುರಿದು ಕುಟ್ಟಿಟ್ಟರೆ ತಿಂಗಳು ಕೆಡದು. ರೊಟ್ಟಿಗೂ ದೋಸೆಗೂ ಆಗುವುದು.

ನಾಲ್ಕನೆಯದು ಕಾಳುಗಳ ಡಬ್ಬಿ. ಮಾಗಡಿಯ ಕಡೆಯ ಅವರೆಯು ಚಳಿಗಾಲದಲ್ಲಿ ಹೆಸರು ಮಾಡುವುದು. ಒಣಗಿಸಿಟ್ಟ ಅವರೆಬೇಳೆಯು ಮಳೆಗಾಲಕ್ಕೆ ಒದಗುವುದು. ಹುರುಳಿ, ಅಲಸಂದೆ, ತಡಗುಣಿಗಳನ್ನು ಒಮ್ಮೆ ಬಿಸಿಲು ಕಾಣಿಸಿ ತುಂಬಿಡಬೇಕು. ನಮ್ಮ ರೈತರು ರಾಗಿಯ ಹೊಲದಲ್ಲಿ ಅಕ್ಕಡಿ ಸಾಲು ಹಾಕಿ ಅವರೆ, ಹುಚ್ಚೆಳ್ಳುಗಳನ್ನು ಬೆಳೆದುಕೊಂಡು ಬಂದದ್ದು ತಟ್ಟೆಯ ಏರ್ಪಾಡನ್ನು ಹೊಲದಲ್ಲಿಯೇ ಮಾಡಿದಂತೆ. ರಾಗಿಗೆ ಸಾಲದುದನ್ನು ಪಕ್ಕದ ಸಾಲು ತುಂಬಿಕೊಡುವುದು. ಹಲಸಿನ ಹಣ್ಣು ತಿಂದ ಮೇಲೆ ಬೀಜಗಳನ್ನೂ ಎಸೆಯದೆ ತೊಳೆದು ಆರಿಸಿಡಿ. ಸೊಪ್ಪಿನ ಸಾರಿಗೆ ನಾಲ್ಕು ಬೀಜ ಬಿದ್ದರೆ ಮಕ್ಕಳು ಸೊಪ್ಪನ್ನೂ ತಿನ್ನುವರು. ನಮ್ಮ ಮಾವು ಬೇರೆಡೆಯ ಮಾವಿಗಿಂತ ಮೊದಲು ಪೇಟೆಗೆ ಬರುವಂಥದು. ಶಾಲೆ ತೆರೆಯುವ ಹೊತ್ತಿಗೆ ಮುಗಿಯುತ್ತ ಬರುವುದು. ಕಡೆಯ ಕಾಯಿಗಳನ್ನು ಉಪ್ಪು ಹಚ್ಚಿ ಒಣಗಿಸಿಟ್ಟರೆ ಹುಣಸೆಯ ಖರ್ಚೂ ಕಡಿಮೆ.

ವಾರದ ಏರ್ಪಾಡು

ಏರ್ಪಾಡಿನ ಮೂಲಸೂತ್ರವು ಒಂದೇ: ರಾತ್ರಿಯ ಅಡಿಗೆಯು ಬೆಳಗಿನ ಅಡಿಗೆಯ ಅರ್ಧವನ್ನು ಮಾಡಿ ಮಲಗಬೇಕು. ಇದಕ್ಕೆ ನಮ್ಮ ಬಸ್ಸಾರಿಗಿಂತ ಉತ್ತಮವಾದ ದೃಷ್ಟಾಂತವಿಲ್ಲ. ಕಾಳನ್ನೂ ಸೊಪ್ಪನ್ನೂ ಬೇಯಿಸಿ ಕಟ್ಟನ್ನು ಬಸಿದರೆ ಕಟ್ಟು ಸಾರಾಗುವುದು, ಬಸಿದ ಕಾಳು ಪಲ್ಯವಾಗುವುದು. ಒಂದು ಪಾತ್ರೆ, ಎರಡು ಪದಾರ್ಥ. ಸಾರು ರಾತ್ರಿಯ ಮುದ್ದೆಗೆ. ಪಲ್ಯದಲ್ಲಿ ಅರ್ಧವನ್ನು ಕಾಯಿತುರಿ ಹಾಕದೆ ತೆಗೆದಿಟ್ಟು, ಬೆಳಿಗ್ಗೆ ಚೆನ್ನಾಗಿ ಬಿಸಿಮಾಡಿ ರಾಗಿಹಿಟ್ಟಿಗೆ ಕಲಸಿ ತಟ್ಟಿದರೆ ರೊಟ್ಟಿಯು ಸಿದ್ಧವಾಯಿತು.

ಈ ಸೂತ್ರವನ್ನು ಹಿಡಿದು ವಾರವನ್ನು ಹೀಗೆ ಹಂಚಬಹುದು.

ಭಾನುವಾರ ಬೆಳಿಗ್ಗೆ ಹುರುಳಿಯನ್ನು ನೆನೆಹಾಕಿ ಸಂಜೆ ಬಟ್ಟೆಯಲ್ಲಿ ಕಟ್ಟುವುದು. ಸೋಮವಾರ ರಾತ್ರಿಗೆ ಮೊಳಕೆ ಬಂದಿರುವುದು.

ಸೋಮವಾರ ಬೆಳಿಗ್ಗೆ ಮೊಳಕೆ ರಾಗಿಯ ಗಂಜಿ, ಜೊತೆಗೆ ಒಗ್ಗರಣೆಯ ಅವಲಕ್ಕಿ. ರಾತ್ರಿ ಹುರುಳಿಯ ಬಸ್ಸಾರು, ಮುದ್ದೆ.

ಮಂಗಳವಾರ ಬೆಳಿಗ್ಗೆ ಆ ಕಾಳಿನ ರೊಟ್ಟಿ. ರಾತ್ರಿ ಬೆರಕೆ ಸೊಪ್ಪಿನ ಸಾರು. ಅದೇ ರಾತ್ರಿ ರಾಗಿ, ಉದ್ದು ರುಬ್ಬಿಟ್ಟುಕೊಳ್ಳುವುದು.

ಬುಧವಾರ ಅದರ ದೋಸೆ. ಗುರುವಾರ ಉಳಿದ ಹಿಟ್ಟಿಗೆ ಈರುಳ್ಳಿ, ಕ್ಯಾರೆಟ್ಟಿನ ತುರಿ ಸೇರಿಸಿ ಪಡ್ಡು. ರಾತ್ರಿಗಳಲ್ಲಿ ಮಸ್ಸೊಪ್ಪು, ಮೊಟ್ಟೆ ತಿನ್ನುವ ಮನೆಯಲ್ಲಿ ಮೊಟ್ಟೆ.

ಶುಕ್ರವಾರ ತರಕಾರಿಯನ್ನೂ ಅವರೆಬೇಳೆಯನ್ನೂ ಹಾಕಿದ ಉಪ್ಪಿಟ್ಟು.

ಶನಿವಾರ ಬೆಳಗಿನ ಶಾಲೆ. ಮಕ್ಕಳು ಬೇಗನೆ ಹೊರಡಬೇಕು. ಅಂದಿಗೆ ಒಲೆ ಬೇಡದ ಹುರಿಹಿಟ್ಟು, ಒಂದು ಬಾಳೆಹಣ್ಣು.

ಭಾನುವಾರ ಮನೆಯವರೆಲ್ಲರೂ ಒಟ್ಟಿಗೆ ಕುಳಿತು ಉಣ್ಣುವ ಊಟ. ಬಾಡೂಟದ ಮನೆಯಲ್ಲಿ ಅದು, ಇಲ್ಲದ ಮನೆಯಲ್ಲಿ ಒಂದು ಪಾಯಸ.

ಮೊದಲ ಮಳೆಯ ಹಿಂದೆಯೇ ಹೊಲದ ಬದುಗಳಲ್ಲಿ ಅಣ್ಣೆ, ಗಣಿಕೆ, ಹೊನಗೊನೆ, ಕೀರೆ ಮೊದಲಾದ ಸೊಪ್ಪುಗಳು ತಾವಾಗಿ ಏಳುವುವು, ಹಿತ್ತಲಿನಲ್ಲಿ ನುಗ್ಗೆಯುಂಟು. ಸೊಪ್ಪಿನ ಸಾರಿನ ಮೇಲೆ ಅರ್ಧ ನಿಂಬೆಯನ್ನು ಹಿಂಡಿದರೆ ಅದರಲ್ಲಿನ ಕಬ್ಬಿಣವು ಮೈಗೆ ಚೆನ್ನಾಗಿ ಹತ್ತುವುದು. ಊಟದ ಜೊತೆಗೇ ಕಾಫಿ, ಚಹಗಳನ್ನು ಕುಡಿದರೆ ಅದು ಹತ್ತದೆ ಹೋಗುವುದು. ಬೆಳೆಯುವ ಮಕ್ಕಳಿಗೆ ಬೆಳಗಿನ ಕಾಫಿಯನ್ನು ನಿಲ್ಲಿಸಿ ಆ ಲೋಟಕ್ಕೆ ಗಂಜಿಯನ್ನು ಹುಯ್ಯುವುದು ಈ ಲೇಖನದಲ್ಲಿ ನಾವು ಹೇಳುವ ಅತ್ಯಂತ ಸುಲಭವಾದ ಸುಧಾರಣೆ.

ಹಾಲಿನ ವಿಷಯದಲ್ಲಿ ಒಂದು ಮಾತು. ಕರೆದ ಹಾಲನ್ನೆಲ್ಲ ಸಂಘಕ್ಕೆ ಅಳೆದು, ಬಂದ ಹಣದಲ್ಲಿ ಮಕ್ಕಳಿಗೆ ಬಿಸ್ಕತ್ತು ತರುವ ಮನೆಗಳನ್ನು ನಾವು ಕಂಡಿದ್ದೇವೆ. ಹಣದ ಅಗತ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಮೇವು, ಹಿಂಡಿಗಳಿಗೆ ಆ ಹಣವೇ ಬೇಕು. ಆದರೆ ಒಂದು ಮಗುವಿಗೆ ಒಂದು ಲೋಟದಂತೆ ಹಾಲನ್ನು ಅಳತೆಗೆ ಮುಂಚೆಯೇ ಬೇರೆ ಪಾತ್ರೆಗೆ ಸುರಿದಿಡಬೇಕು. ಅಳತೆಯಾದ ಮೇಲೆ ಉಳಿದರೆ ಕೊಡೋಣವೆಂದರೆ ಉಳಿಯುವುದೇ ಇಲ್ಲ.

ಹುಳು ಹಣ್ಣಾಗುವ ವಾರ

ರೇಷ್ಮೆಯ ಮನೆಗಳಿಗೆ ಮೇಲಿನ ವಾರವು ಎಲ್ಲ ಕಾಲಕ್ಕೂ ನಡೆಯದು. ಹುಳುವು ನಾಲ್ಕು ಸಲ ಜ್ವರಕ್ಕೆ ಕುಳಿತೇಳುವುದು, ಎಂದರೆ ಪೊರೆ ಬಿಡುವುದು. ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಸುಮಾರು ಒಂದು ವಾರದಲ್ಲಿ, ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚನ್ನು ತಿನ್ನುವುದು. ಆ ವಾರ ಹಗಲು ರಾತ್ರಿಯಿಲ್ಲ. ಹುಳು ಹಣ್ಣಾದ ದಿನ ಚಂದ್ರಿಕೆಗೆ ಬಿಡುವಾಗ ಮನೆಯಲ್ಲಿ ಒಲೆ ಹಚ್ಚುವವರೇ ಇರುವುದಿಲ್ಲ. ಮಗುವು ತರಗತಿಯಲ್ಲಿ ಬಾಡುವುದು ಬಹುಮಟ್ಟಿಗೆ ಈ ದಿನಗಳಲ್ಲಿಯೇ. ಹುಳುವಿಗೆ ಹೊತ್ತು ತಪ್ಪದೆ ಉಣಿಸಿ, ಮನೆಯ ಮಗುವನ್ನು ಹಸಿದು ಕಳುಹಿಸಿದರೆ ಆ ಗೂಡಿನ ಲಾಭವನ್ನು ಯಾವ ಖಾತೆಗೆ ಬರೆಯುವುದು?

ಆದರೆ ಈ ವಾರವು ಹೇಳದೆ ಬರುವ ಅತಿಥಿಯಲ್ಲ. ಮೊಟ್ಟೆ ಒಡೆದು ಮರಿಯಾದ ದಿನವೇ ಪಂಚಾಂಗದಲ್ಲಿ ಗುರುತು ಹಾಕಿದರೆ, ನಾಲ್ಕನೆಯ ಜ್ವರವು ಎಂದು ಏಳುವುದೆಂಬುದು ಮನೆಯ ಹಿರಿಯರಿಗೆ ತಿಳಿದೇ ಇರುವುದು. ಆ ವಾರಕ್ಕೆಂದು ಹುರಿಹಿಟ್ಟನ್ನು ಪ್ರತ್ಯೇಕವಾಗಿ ಎತ್ತಿಡಬೇಕು. ರಾತ್ರಿ ಎರಡು ಮುದ್ದೆ ಹೆಚ್ಚಾಗಿ ತಿರುವಿ, ಒಂದನ್ನು ನೀರಿನಲ್ಲಿ ಹಾಕಿಟ್ಟು, ಬೆಳಿಗ್ಗೆ ಮಜ್ಜಿಗೆ, ಉಪ್ಪು, ಈರುಳ್ಳಿ ಸೇರಿಸಿ ಕಿವುಚಿದರೆ ಅಂಬಲಿಯಾಗುವುದು. ಹಳೆಯ ಕಾಲದ ಈ ಪದ್ಧತಿಯು ಇಂಥ ದಿನಗಳಿಗಾಗಿಯೇ ಹುಟ್ಟಿದಂತಿರುವುದು. ಸೊಪ್ಪು ಕತ್ತರಿಸಲು ಕೈ ನೀಡುವ ದೊಡ್ಡ ಮಕ್ಕಳು ಈ ವಾರ ಅಡಿಗೆಮನೆಗೂ ಒಂದು ಕೈ ನೀಡಲಿ. ಹುಡುಗ, ಹುಡುಗಿ ಎಂಬ ಭೇದವು ಇಲ್ಲಿ ಬೇಡ. ತೆಂಗಿನಕಾಯಿ ತುರಿಯುವುದು, ಸೊಪ್ಪು ಬಿಡಿಸುವುದು, ನೀರು ಕಾಯಿಸುವುದು, ಇವು ವಿದ್ಯೆಗೆ ಅಡ್ಡಿಯಾದ ಕೆಲಸಗಳಲ್ಲ.

ಡಬ್ಬಿಯೂ ನಾಚಿಕೆಯೂ

ಖಾಸಗಿ ಶಾಲೆಗೆ ಹೋಗುವ ಮಕ್ಕಳು ಡಬ್ಬಿ ಒಯ್ಯುವರು. ಅಲ್ಲಿ ಬೇರೊಂದು ಕಷ್ಟವುಂಟು. ರಾಗಿರೊಟ್ಟಿ ತಂದ ಹುಡುಗನು ಡಬ್ಬಿಯ ಮುಚ್ಚಳವನ್ನು ಮರೆಮಾಡಿಕೊಂಡು ತಿನ್ನುವುದನ್ನೂ, ಕಪ್ಪಗಿರುವುದನ್ನು ತರಬೇಡವೆಂದು ಜೊತೆಯವರು ನಗುವುದನ್ನೂ, ಮಾರನೆಯ ದಿನದಿಂದ ಆ ಹುಡುಗನು ಪೊಟ್ಟಣದ ನೂಡಲ್ಸಿಗೆ ಹಟ ಹಿಡಿಯುವುದನ್ನೂ ಅನೇಕ ತಾಯಂದಿರು ಬಲ್ಲರು. ತಟ್ಟೆ ಇಡ್ಲಿಗೆ ಹೆಸರಾದ ಬಿಡದಿಯ ಸೀಮೆಯಲ್ಲಿ ಇಡ್ಲಿಗೆ ಮರ್ಯಾದೆಯುಂಟು, ಮುದ್ದೆಗಿಲ್ಲ!

ಈ ವ್ಯಾಜ್ಯವು ಹೊಸದಲ್ಲ. ಅಕ್ಕಿ ಮೇಲೋ ರಾಗಿ ಮೇಲೋ ಎಂಬ ಜಗಳವನ್ನೇ ವಸ್ತುವಾಗಿಟ್ಟುಕೊಂಡು ಕನಕದಾಸರು ರಾಮಧಾನ್ಯಚರಿತ್ರೆಯನ್ನು ರಚಿಸಿದರು. ಅದರಲ್ಲಿ ಶ್ರೀರಾಮನು ಎರಡು ಧಾನ್ಯಗಳನ್ನೂ ಆರು ತಿಂಗಳು ಸೆರೆಯಲ್ಲಿಡಿಸುವನು. ಅಕ್ಕಿಯು ಕೆಡುವುದು, ರಾಗಿಯು ಗಟ್ಟಿಯಾಗಿ ಉಳಿದು ಅವನ ಹೆಸರನ್ನೇ ಪಡೆಯುವುದು. ಇದು ಕಾವ್ಯದ ಮಾತೇ ಆದರೂ, ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಉಳಿದು ಬರಗಾಲದಲ್ಲಿ ಊರನ್ನು ಕಾಪಾಡಿದ ಧಾನ್ಯದ ಅನುಭವವು ಅದರ ಹಿಂದಿರುವುದು. ಈಚೆಗೆ ವಿಶ್ವಸಂಸ್ಥೆಯು ೨೦೨೩ನೆಯ ವರ್ಷವನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು; ಪಟ್ಟಣದ ದೊಡ್ಡ ಅಂಗಡಿಗಳಲ್ಲಿ ರಾಗಿಯ ಬಿಸ್ಕತ್ತು ಹೆಚ್ಚಿನ ಬೆಲೆಗೆ ಮಾರುವುದು. ದೂರದವರು ಹಣ ಕೊಟ್ಟು ಕೊಳ್ಳುವುದನ್ನು ಬೆಳೆದವರ ಮಕ್ಕಳು ಮುಚ್ಚಿಟ್ಟುಕೊಂಡು ತಿನ್ನಬೇಕೆ?

ಆದರೆ ಮಗುವಿಗೆ ಉಪನ್ಯಾಸದಿಂದ ನಾಚಿಕೆ ಹೋಗದು. ಉಪಾಯವು ಬೇಕು. ರೊಟ್ಟಿಯನ್ನು ದೊಡ್ಡದಾಗಿ ತಟ್ಟದೆ ಅಂಗೈಯಗಲದ ಪುಟ್ಟ ರೊಟ್ಟಿಗಳಾಗಿ ತಟ್ಟಿ, ಈರುಳ್ಳಿ, ಸಬ್ಬಸಿಗೆ, ಕ್ಯಾರೆಟ್ಟು ಸೇರಿಸಿ, ತುಪ್ಪ ಸವರಿ ಎರಡು ಹೆಚ್ಚಾಗಿಯೇ ಹಾಕಿ ಕಳುಹಿಸಿ. ಪಕ್ಕದ ಹುಡುಗನಿಗೂ ಕೊಡೆಂದು ಹೇಳಿ. ಕೊಟ್ಟು ತಿಂದ ಮೇಲೆ ನಗುವವರು ಕಡಿಮೆಯಾಗುವರು. ಉಪಾಧ್ಯಾಯರು ವಾರಕ್ಕೊಮ್ಮೆ ತಾವೂ ರೊಟ್ಟಿ ತಂದು ಮಕ್ಕಳ ನಡುವೆ ಕುಳಿತು ತಿಂದರೆ ಇನ್ನೂ ಬೇಗ ಕಡಿಮೆಯಾಗುವುದು. ಇದು ನಾವು ಮಾಡಿ ಫಲ ಕಂಡ ಮಾತು.

ಮಳೆಗಾಲದ ಡಬ್ಬಿಗೆ ಎರಡು ಎಚ್ಚರಿಕೆಗಳು. ಹಸಿ ಕಾಯಿಚಟ್ನಿಯು ಮುಚ್ಚಿದ ಡಬ್ಬಿಯಲ್ಲಿ ಮಧ್ಯಾಹ್ನದೊಳಗೆ ಹುಳಿಯುವುದು. ಅದರ ಬದಲು ಚಟ್ನಿಪುಡಿಗೆ ಎಣ್ಣೆಯೋ ತುಪ್ಪವೋ ಸಾಕು. ಮೊಸರನ್ನ ಕಟ್ಟುವುದಾದರೆ ಅನ್ನವನ್ನು ಮೆತ್ತಗೆ ಮಿದ್ದು, ಬೆಚ್ಚಗಿನ ಹಾಲು ಹುಯ್ದು, ಒಂದೇ ಚಮಚ ಮೊಸರನ್ನು ಬೆರೆಸಿ. ಊಟದ ಹೊತ್ತಿಗೆ ಅದು ಹದವಾಗಿ ಹೆಪ್ಪಾಗಿರುವುದು, ಹುಳಿಯಾಗಿರದು. ಯಾವುದನ್ನೇ ಆಗಲಿ ಬಿಸಿಯಿರುವಾಗಲೇ ಮುಚ್ಚಳ ಹಾಕದೆ, ಹಬೆಯಾಡುವುದು ನಿಂತ ಮೇಲೆ ಮುಚ್ಚಿ.

ತಾಯಿಯ ತಟ್ಟೆ

ಇಷ್ಟು ಹೇಳಿದ ಮೇಲೆ ಒಂದು ಮಾತು ಉಳಿಯುವುದು. ಅದನ್ನು ಗೃಹಸ್ಥರಿಗೆ ಹೇಳಬೇಕು. ಮೇಲಿನ ಏರ್ಪಾಡೆಲ್ಲವನ್ನೂ ಓದಿ, “ಚೆನ್ನಾಗಿದೆ, ಹೀಗೆಯೇ ಮಾಡು” ಎಂದು ಪತ್ರಿಕೆಯನ್ನು ಅಡಿಗೆಮನೆಗೆ ದಾಟಿಸಿದರೆ ಪ್ರಯೋಜನವಿಲ್ಲ. ಹಾಲು ಕರೆದು, ಸೊಪ್ಪು ಕೊಯ್ದು, ಬುತ್ತಿ ಕಟ್ಟಿ, ಎಲ್ಲರನ್ನೂ ಕಳುಹಿಸಿ, ಆಮೇಲೆ ಪಾತ್ರೆಯಲ್ಲಿ ಉಳಿದುದನ್ನು ನಿಂತುಕೊಂಡು ತಿನ್ನುವ ಗೃಹಿಣಿಯ ತಲೆಯ ಮೇಲೆ ಇನ್ನೊಂದು ಹೊರೆಯನ್ನು ಇಟ್ಟಂತಾಗುವುದು ಅಷ್ಟೆ. ೨೦೧೯ರಿಂದ ೨೦೨೧ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ೪೭.೮ ಮಂದಿಗೆ ರಕ್ತಹೀನತೆಯೆಂದು ಕಂಡುಬಂದಿತು. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ೬೫.೫. ಈ ಎರಡು ಅಂಕಿಗಳು ಬೇರೆ ಬೇರೆಯಲ್ಲ. ತಾಯಿಯ ತಟ್ಟೆಯಲ್ಲಿ ಇಲ್ಲದುದು ಮಗುವಿನ ಮ್ಯೆಯಲ್ಲಿ ಎಲ್ಲಿಂದ ಬರಬೇಕು? ಇಂದು ಸಮವಸ್ತ್ರ ತೊಟ್ಟು ಹೊರಟ ಹುಡುಗಿಯೇ ನಾಳೆಯ ತಾಯಿಯೆಂಬುದನ್ನೂ ನೆನೆಯಬೇಕು. ಅಣ್ಣನಿಗೆ ಮೊಟ್ಟೆ, ತಂಗಿಗೆ ಸಾರು ಎಂಬ ಪಂಕ್ತಿಭೇದವು ಯಾವ ಮನೆಯಲ್ಲಿಯಾದರೂ ಇದ್ದರೆ ಈ ಜೂನ್ ತಿಂಗಳಿನಿಂದಲೇ ನಿಲ್ಲಲಿ.

ಆದುದರಿಂದ ಪಾಲು ಹಂಚಿಕೊಳ್ಳಿ. ರಾಗಿ ಗಾಳಿಸಿ ಗಿರಣಿಗೆ ಒಯ್ದು ತರುವುದು ಗಂಡಸರ ಕೆಲಸವಾಗಲಿ. ರಾತ್ರಿಯ ಸೊಪ್ಪನ್ನು ಮನೆಮಂದಿಯೆಲ್ಲ ಕುಳಿತು ಬಿಡಿಸಲಿ. ಮಗುವು ಆಗಲೇ ಮಗ್ಗಿ ಒಪ್ಪಿಸಬಹುದು. ಬೆಳಿಗ್ಗೆ ಗಂಜಿ ಕಾಯಿಸುವಾಗ ಒಂದು ಲೋಟ ಹೆಚ್ಚಾಗಿ ಕಾಯಲಿ. ಆ ಲೋಟವನ್ನು ಮಕ್ಕಳೊಡನೆಯೇ ಕುಳಿತು ತಾಯಿಯೂ ಕುಡಿಯಲಿ. ಅವಳು ಕುಡಿದಳೇ ಎಂದು ಕೇಳುವುದನ್ನು ಮನೆಯ ಯಜಮಾನನು ತನ್ನ ನಿತ್ಯಕರ್ಮಗಳಲ್ಲಿ ಒಂದಾಗಿ ಸೇರಿಸಿಕೊಳ್ಳಲಿ.

ಶಾಲೆಯ ಮೊದಲ ದಿನ ಪ್ರಾರಂಭೋತ್ಸವವೆಂದು ಬಾಗಿಲಿಗೆ ತೋರಣ ಕಟ್ಟಿ, ಮಕ್ಕಳಿಗೆ ಸಿಹಿ ಹಂಚುವರು. ಒಳ್ಳೆಯದೇ. ಎರಡನೆಯ ದಿನವೂ ಮೂರನೆಯ ದಿನವೂ ಮಗುವು ತುಂಬಿದ ಹೊಟ್ಟೆಯಿಂದ ಬರುವಂತೆ ಮಾಡುವುದು ಮನೆಯ ಕೆಲಸ. ಅದಕ್ಕೆ ಬೇಕಾದುದೆಲ್ಲ ನಮ್ಮ ಹೊಲದಲ್ಲಿ, ಹಿತ್ತಲಿನಲ್ಲಿ, ಕೊಟ್ಟಿಗೆಯಲ್ಲಿ ಇರುವುದು. ಈ ಭಾನುವಾರವೇ ಎರಡು ಸೇರು ರಾಗಿಯನ್ನು ನೆನೆಹಾಕಿರಿ.